ಹರ್ಮನ್ ಮೈಯರ್ ಪ್ರಕರಣ: ಮುರಿದ ಕಾಲು, 17 ತಿಂಗಳು, ಒಂದು ಸೂಪರ್-ಜಿ

2001ರ ಆಗಸ್ಟ್ 24ರಂದು ಆಸ್ಟ್ರಿಯಾದ ರಾಡ್‌ಸ್ಟಾಟ್ ಊರಿನ ಬಳಿ ಒಂದು ಮೋಟಾರ್ ಸೈಕಲ್ಲಿಗೂ ಕಾರಿಗೂ ಡಿಕ್ಕಿಯಾಯಿತು. ತರಬೇತಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟಿದ್ದವರು ಆಸ್ಟ್ರಿಯಾದ ಆಲ್ಪೈನ್ ಸ್ಕೀ ಸ್ಪರ್ಧಿ ಹರ್ಮನ್ ಮೈಯರ್. ವಯಸ್ಸು 28. ಅಷ್ಟರಲ್ಲಾಗಲೇ ಎರಡು ಒಲಿಂಪಿಕ್ ಚಿನ್ನ, ಎರಡು ವಿಶ್ವ ಚಾಂಪಿಯನ್ ಪಟ್ಟ, ಮೂರು ಸಮಗ್ರ ವಿಶ್ವಕಪ್ (ಇಡೀ ಋತುವಿನಲ್ಲಿ ಎಲ್ಲ ವಿಭಾಗಗಳ ಅಂಕ ಕೂಡಿಸಿ ಕೊಡುವ ಪಟ್ಟ), ವಿಶ್ವಕಪ್ ಸರಣಿಯ 41 ಸ್ಪರ್ಧೆಗಳಲ್ಲಿ ಗೆಲುವು ಅವರ ಹೆಸರಿಗಿತ್ತು. ಬಲಗಾಲಿನ ಮೂಳೆ ಮಂಡಿಯ ಕೆಳಗೆ ಮುರಿದು ಗಾಯ ಬಾಯ್ತೆರೆದಿತ್ತು. ಕಾಲು ಉಳಿಯುತ್ತದೋ, ತೆಗೆಯಬೇಕಾಗುತ್ತದೋ ಎಂಬ ಮಾತು ಆಸ್ಪತ್ರೆಯಲ್ಲಿ ಬಂದಿತ್ತು. 2003ರ ಜನವರಿ 27ರಂದು ಅದೇ ಕಾಲಿನ ಮೂಳೆಯೊಳಗೆ ಟೈಟಾನಿಯಂ ಸರಳು ಇರುವಾಗಲೇ ಅವರು ಕಿಟ್ಸ್‌ಬ್ಯೂಹೆಲ್‌ನಲ್ಲಿ ಸೂಪರ್-ಜಿ ಎಂಬ ವೇಗದ ವಿಭಾಗದ ವಿಶ್ವಕಪ್ ಸ್ಪರ್ಧೆ ಗೆದ್ದರು. ನಡುವೆ 17 ತಿಂಗಳು.

ಈ ಮರಳುವಿಕೆಯನ್ನು ಸಾಮಾನ್ಯವಾಗಿ ಮನೋಬಲದ ಕಥೆಯಾಗಿ ಹೇಳುತ್ತಾರೆ. ಮನೋಬಲ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದನ್ನೇ ಹಿಡಿದು ಹೊರಟರೆ ಮೊದಲ ಗೆಲುವು ಸೂಪರ್-ಜಿಯಲ್ಲೇ ಏಕೆ ಬಂತು, ಅವರ ಮೆಚ್ಚಿನ ಜೈಂಟ್ ಸ್ಲಾಲಮ್‌ನಲ್ಲಿ ದೊಡ್ಡ ಗೆಲುವಿಗೆ ಇನ್ನೂ ಎರಡು ವರ್ಷ ಏಕೆ ಹಿಡಿಯಿತು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಕಾಲನ್ನು ನೋಡಬೇಕು, ಬೂಟನ್ನು ನೋಡಬೇಕು, ಅಪಘಾತಕ್ಕೂ ಮುಂಚೆ ಅವರು ಕಟ್ಟಿಕೊಂಡಿದ್ದ ದೇಹವನ್ನು ನೋಡಬೇಕು.

ಮೊದಲು ಆಟದ ಪರಿಚಯ, ಬೇಕಾದಷ್ಟೇ. ಆಲ್ಪೈನ್ ಸ್ಕೀಯಿಂಗ್ ಎಂದರೆ ಹಿಮದ ಇಳಿಜಾರಿನಲ್ಲಿ ನೆಟ್ಟ ಗೇಟುಗಳ ನಡುವೆ ಗಡಿಯಾರದ ವಿರುದ್ಧ ಇಳಿಯುವುದು. ಡೌನ್‌ಹಿಲ್ ಅತಿ ಉದ್ದ, ಅತಿ ವೇಗ. ಪುರುಷರ ವಿಶ್ವಕಪ್‌ನಲ್ಲಿ ಮೇಲಿನಿಂದ ಕೆಳಕ್ಕೆ 800 ಮೀಟರಿಗೂ ಹೆಚ್ಚು ಇಳಿಯುತ್ತಾರೆ, ಸ್ಪರ್ಧೆಗೆ ಮುನ್ನ ಅದೇ ಹಾದಿಯಲ್ಲಿ ಸಮಯ ಅಳೆದು ತರಬೇತಿ ಓಟ ಮಾಡಿಸುತ್ತಾರೆ. ಸೂಪರ್-ಜಿಯಲ್ಲಿ ಇಳಿತ 400ರಿಂದ 650 ಮೀಟರ್, ಒಂದೇ ಓಟ. ತರಬೇತಿ ಓಟ ಇಲ್ಲ. ಬೆಳಿಗ್ಗೆ ಹಾದಿಯ ಪಕ್ಕದಲ್ಲಿ ನಿಧಾನವಾಗಿ ಜಾರಿಕೊಂಡು ಹೋಗಿ ಕಣ್ಣಳತೆಯಲ್ಲಿ ನೋಡಿಕೊಳ್ಳಬೇಕು, ಅಷ್ಟೇ. ಜೈಂಟ್ ಸ್ಲಾಲಮ್‌ನಲ್ಲಿ ಇಳಿತ 250ರಿಂದ 450 ಮೀಟರ್, ಗೇಟುಗಳು ಹತ್ತಿರ ಹತ್ತಿರ, ತಿರುವು ಬಿಗಿ, ಎರಡು ಓಟದ ಸಮಯ ಕೂಡಿಸುತ್ತಾರೆ. ಮೊದಲ ಓಟದಲ್ಲಿ ಮೊದಲ 30ರೊಳಗೆ ಬಂದವರಿಗೆ ಮಾತ್ರ ಎರಡನೆಯದು. ಸ್ಲಾಲಮ್ ಇನ್ನೂ ಬಿಗಿ, ಅದು ಈ ಪ್ರಕರಣಕ್ಕೆ ಬೇಡ. ವಿಶ್ವಕಪ್‌ನಲ್ಲಿ ಗೆದ್ದವರಿಗೆ 100 ಅಂಕ, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೆ ಇಳಿಯುತ್ತಾ 30ನೆಯವರಿಗೆ 1.

ತಡವಾಗಿ ಬಂದ ಗಾರೆ ಕೆಲಸಗಾರ

ಮೈಯರ್ ಹುಟ್ಟಿದ್ದು 1972ರ ಡಿಸೆಂಬರ್ 7ರಂದು, ಬೆಳೆದದ್ದು ಸಾಲ್ಸ್‌ಬುರ್ಗ್ ಪ್ರಾಂತ್ಯದ ಫ್ಲಾಕೌ ಹಳ್ಳಿಯಲ್ಲಿ. ತಂದೆ ಅಲ್ಲಿ ಸ್ಕೀ ಶಾಲೆ ನಡೆಸುತ್ತಿದ್ದರು. ಹದಿಹರೆಯದಲ್ಲಿ ಶ್ಲಾಡ್ಮಿಂಗ್‌ನ ಸ್ಕೀ ವಿದ್ಯಾಲಯಕ್ಕೆ ಸೇರಿದ ಹುಡುಗ ಮೈಯಲ್ಲಿ ಸಣ್ಣ, ಜೊತೆಗೆ ಬೆಳೆಯುವ ವಯಸ್ಸಿನ ಮಂಡಿನೋವು. ಮನೆಗೆ ವಾಪಸ್ ಕಳಿಸಿದರು. ಆಸ್ಟ್ರಿಯಾದಲ್ಲಿ ರಾಷ್ಟ್ರೀಯ ತಂಡದ ಹಾದಿ ಆ ವಯಸ್ಸಿನಲ್ಲೇ ಕವಲೊಡೆಯುತ್ತದೆ. ಒಮ್ಮೆ ಹೊರಗೆ ಬಿದ್ದವರು ಮತ್ತೆ ಒಳಗೆ ಬರುವುದು ಅಪರೂಪ. ಮೈಯರ್ ಗಾರೆ ಕೆಲಸ ಕಲಿತರು. ಬೇಸಿಗೆಯಲ್ಲಿ ಇಟ್ಟಿಗೆ, ಗಾರೆ. ಚಳಿಗಾಲದಲ್ಲಿ ತಂದೆಯ ಶಾಲೆಯಲ್ಲಿ ಪ್ರವಾಸಿಗರಿಗೆ ಸ್ಕೀ ಪಾಠ.

ಬಾಗಿಲು ತೆರೆದದ್ದು 1996ರ ಜನವರಿ 6ರಂದು. ಫ್ಲಾಕೌದಲ್ಲಿ ವಿಶ್ವಕಪ್ ಜೈಂಟ್ ಸ್ಲಾಲಮ್ ಇತ್ತು. ಸ್ಪರ್ಧಿಗಳಿಗಿಂತ ಮುಂಚೆ ಹಾದಿ ಸರಿಯಿದೆಯೇ ಎಂದು ಇಳಿದು ತೋರಿಸುವ ಮುನ್ನೋಟಗಾರರಲ್ಲಿ ಮೈಯರ್ ಒಬ್ಬರು. ಇವರ ಸಮಯ ಫಲಿತಾಂಶಕ್ಕೆ ಸೇರುವುದಿಲ್ಲ. ಸೇರಿದ್ದರೆ 12ನೇ ಸ್ಥಾನ ಬರುತ್ತಿತ್ತು. ತಂಡದವರು ಅದನ್ನು ಗಮನಿಸಿದರು. ಅದೇ ಋತುವಿನಲ್ಲಿ ಅವರು ಎರಡನೇ ದರ್ಜೆಯ ಯುರೋಪಾ ಕಪ್ ಸಮಗ್ರವಾಗಿ ಗೆದ್ದರು, ಫೆಬ್ರುವರಿಯಲ್ಲಿ ವಿಶ್ವಕಪ್‌ಗೆ ಇಳಿದರು, ಮರುವರ್ಷ 1997ರ ಫೆಬ್ರುವರಿ 23ರಂದು ಗಾರ್ಮಿಷ್‌ನಲ್ಲಿ ಮೊದಲ ಗೆಲುವು ಪಡೆದರು. ಅದೂ ಸೂಪರ್-ಜಿ.

ತಡವಾಗಿ ಬಂದದ್ದರಿಂದ ಒಂದು ನಷ್ಟ, ಒಂದು ಲಾಭ. ನಷ್ಟ ಎಲ್ಲರಿಗೂ ಕಾಣುವಂಥದ್ದು: 24ನೇ ವಯಸ್ಸಿಗೆ ಮೊದಲ ಗೆಲುವು. ಲಾಭ ಬೇಗ ಕಾಣುವುದಿಲ್ಲ. ಹದಿನೈದರ ಹರೆಯದಲ್ಲಿ ನೋಯುತ್ತಿದ್ದ ಮಂಡಿಗಳ ಮೇಲೆ ಸ್ಪರ್ಧೆಯ ಹೊರೆ ಬೀಳಲಿಲ್ಲ. ದೇಹ ಪೂರ್ತಿ ಬೆಳೆದ ಮೇಲೆ, ದಿನವಿಡೀ ಭಾರ ಎತ್ತಿ ಬಲಿತ ಬೆನ್ನು ತೊಡೆಗಳೊಂದಿಗೆ ಅವರು ವೇಗದ ಸ್ಪರ್ಧೆಗೆ ಬಂದರು. ಆ ತಂಡದಲ್ಲಿ ಅವರಷ್ಟು ನೇರ ಗೆರೆಯಲ್ಲಿ ಇಳಿದು, ತಡವಾಗಿ ತಿರುಗಿ, ಆ ತಿರುವಿನ ಒತ್ತಡವನ್ನು ಕಾಲಲ್ಲಿ ಹೊತ್ತು ನಿಲ್ಲಬಲ್ಲವರು ಬೇರೆ ಯಾರೂ ಇರಲಿಲ್ಲ ಎಂದೇ ನಮ್ಮ ಅಂದಾಜು.

ನಾಗಾನೊ: ಗೆರೆ ತಪ್ಪಿದಾಗ

ಅದೇ ನೇರ ಗೆರೆ ಕೈಕೊಟ್ಟದ್ದು 1998ರ ಫೆಬ್ರುವರಿ 13ರಂದು, ನಾಗಾನೊ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ. ಹಕುಬಾದ ಹಪ್ಪೊ-ಒನೆ ಬೆಟ್ಟ. ಗಾಳಿ, ಹಿಮಪಾತದಿಂದ ಸ್ಪರ್ಧೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೂ ಆ ಶುಕ್ರವಾರ ನಡೆಯಿತು. ಮೈಯರ್ ಹಾದಿಯ ಮೇಲ್ಭಾಗದಲ್ಲೇ, ದಿಬ್ಬದಂಥ ಅಂಚಿನ ಮೇಲೆ ಬರುವ ಎಡ ತಿರುವಿಗೆ ಹೊಕ್ಕಾಗ ವೇಗ ಗಂಟೆಗೆ 120 ಕಿ.ಮೀ. ಆಸುಪಾಸು.

ಇಲ್ಲಿ ಒಂದು ಲೆಕ್ಕ ಮುಖ್ಯ. ತಿರುವಿನಲ್ಲಿ ಕಾಲು ಹೊರಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 10% ಹೆಚ್ಚಾದರೆ ಬಲ 21% ಹೆಚ್ಚು. 120 ಕಿ.ಮೀ. ಎಂದರೆ ಸೆಕೆಂಡಿಗೆ 33 ಮೀಟರ್. 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ಪಕ್ಕಕ್ಕೆ ಎಳೆಯುವ ಬಲವೇ ದೇಹತೂಕದ ಸುಮಾರು 1.9 ಪಟ್ಟು. ತರಬೇತಿಯಲ್ಲಿ ಹಿಮ ಮೆತ್ತಗಿದ್ದು ಸ್ಪರ್ಧೆಯ ದಿನ ಬಿಗಿಯಾದರೆ, ಅದೇ ಗೆರೆಯಲ್ಲಿ ಅದೇ ಗೇಟಿಗೆ ಸ್ಪರ್ಧಿ ಹೆಚ್ಚು ವೇಗದಲ್ಲಿ ಬರುತ್ತಾನೆ, ಕಾಲಿಗೆ ಮಾತ್ರ ಅಷ್ಟರ ಮುನ್ಸೂಚನೆ ಇರುವುದಿಲ್ಲ. ದಿಬ್ಬದ ಮೇಲೆ ತಿರುವು ಇದ್ದರೆ ಇನ್ನೂ ಕಷ್ಟ: ನೆಲ ಕೆಳಗೆ ಜಾರಿಹೋದ ಕ್ಷಣದಲ್ಲಿ ಹಿಮಕ್ಕೆ ಕಚ್ಚಿಕೊಳ್ಳಬೇಕಾದ ಸ್ಕೀ ಅಂಚಿಗೆ ಏನೂ ಸಿಗುವುದಿಲ್ಲ. ಗಾಳಿ ಸ್ಕೀಗಳ ತಳಕ್ಕೆ ಬಡಿಯಿತೆಂದರೆ ದೇಹ ಹಿಂದಕ್ಕೆ ಮಲಗುತ್ತದೆ.

ಮೈಯರ್‌ಗೆ ಆದದ್ದು ಇದೇ. ತೀರಾ ನೇರವಾಗಿ ಹೊಕ್ಕರು, ದಿಬ್ಬದಲ್ಲಿ ಹಿಡಿತ ತಪ್ಪಿತು, ಗಾಳಿಯಲ್ಲಿ ಅಡ್ಡಡ್ಡಲಾಗಿ ಹಾರಿ ತಲೆ ಭುಜಗಳ ಮೇಲೆ ಬಿದ್ದು ಉರುಳುತ್ತಾ ಎರಡು ಸಾಲು ರಕ್ಷಣಾ ಬಲೆಗಳನ್ನು ಸೀಳಿಕೊಂಡು ಹೋದರು. ಎದ್ದು ನಿಂತು ಕೈಬೀಸಿದರು.

ಬದುಕಿದ್ದು ಹೇಗೆ? 90 ಕೆ.ಜಿ. ಆಸುಪಾಸಿನ ದೇಹ ಆ ವೇಗದಲ್ಲಿ ಹೊತ್ತೊಯ್ಯುವ ಚಲನಶಕ್ತಿ ಸುಮಾರು 50,000 ಜೌಲ್. ಇದು ಒಂದೇ ಏಟಿಗೆ ಖರ್ಚಾದರೆ ಯಾರೂ ಉಳಿಯುವುದಿಲ್ಲ. ಇಲ್ಲಿ ಕಂತಿನಲ್ಲಿ ಖರ್ಚಾಯಿತು. ಬಿದ್ದದ್ದು ಇಳಿಜಾರಿನ ಮೇಲೆ; ನೆಲ ಓಡುವ ದಿಕ್ಕಿಗೇ ದೇಹವೂ ಹೊರಟಿದ್ದರಿಂದ ನೆಲಕ್ಕೆ ನೇರ ಬಡಿದ ಪಾಲು ಚಿಕ್ಕದು. ಕಂಬದ ಮೇಲೆ ನಿಲ್ಲಿಸಿದ ಈ ಬಗೆಯ ಬಲೆಗಳನ್ನು ಸಾಲು ಸಾಲಾಗಿ ಹಾಕುವುದೇ ಒಂದು ಸಾಲು ಹರಿದರೂ ವೇಗದ ಒಂದು ಪಾಲನ್ನು ನುಂಗಲಿ ಎಂದು. ಹಾದಿಯ ಹೊರಗೆ ಹೊಸ ಹಿಮ ಆಳವಾಗಿ ಬಿದ್ದಿತ್ತು. ಸ್ಪರ್ಧೆಯನ್ನು ಮುಂದೂಡಿಸಿದ ಅದೇ ಹಿಮಪಾತ ಅವರನ್ನು ಮೆತ್ತಗೆ ನಿಲ್ಲಿಸಿತು. ಭುಜಕ್ಕೂ ಮಂಡಿಗೂ ಪೆಟ್ಟಾಯಿತು, ಮುರಿತ ಇಲ್ಲ.

ಡೌನ್‌ಹಿಲ್ ಚಿನ್ನ ಫ್ರಾನ್ಸ್‌ನ ಜಾನ್-ಲುಕ್ ಕ್ರೆತಿಯೆ ಪಾಲಾಯಿತು. ಸೂಪರ್-ಜಿಯೂ ಹವಾಮಾನದಿಂದ ಮುಂದೆ ಹೋಗಿ 16ಕ್ಕೆ ಬಂತು. ನೋವು ಆರಲು ಸಿಕ್ಕ ಆ ಬಿಡುವು ದೊಡ್ಡದು. ಮೈಯರ್ ಗೆದ್ದರು, ಎರಡನೇ ಸ್ಥಾನ ಹಂಚಿಕೊಂಡ ಡಿಡಿಯೆ ಕುಷ್ ಮತ್ತು ಹಾನ್ಸ್ ಕ್ನೌಸ್‌ಗಿಂತ 0.61 ಸೆಕೆಂಡ್ ಮುಂದೆ. 19ರಂದು ಜೈಂಟ್ ಸ್ಲಾಲಮ್ ಚಿನ್ನವೂ ಬಂತು, ಬೆಳ್ಳಿ ತಮ್ಮದೇ ತಂಡದ ಸ್ಟೆಫಾನ್ ಎಬರ್‌ಹಾರ್ಟರ್‌ಗೆ. ನಂತರದ ವರ್ಷಗಳು ಏರುಗತಿಯವು. 1999ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡೌನ್‌ಹಿಲ್ ಚಿನ್ನ, ಸೂಪರ್-ಜಿಯಲ್ಲಿ ಲಾಸೆ ಕ್ಯೂಸ್ ಜೊತೆ ಸಮನಾಗಿ ಚಿನ್ನ. 1999–2000ರಲ್ಲಿ ಸರಿಯಾಗಿ 2000 ಅಂಕ. ಪುರುಷರಲ್ಲಿ ಅದನ್ನು ದಾಟಲು 2022–23ರಲ್ಲಿ ಮಾರ್ಕೊ ಒಡರ್ಮಾಟ್ 2042 ಗಳಿಸುವವರೆಗೆ ಕಾಯಬೇಕಾಯಿತು. 2000–01ರಲ್ಲಿ ಒಂದೇ ಋತುವಿಗೆ 13 ಗೆಲುವು, ಇಂಗೆಮಾರ್ ಸ್ಟೆನ್‌ಮಾರ್ಕ್ ದಾಖಲೆಗೆ ಸಮ. ಆಗಸ್ಟ್‌ನ ಅಪಘಾತ ಬಂದದ್ದು ಆ ಋತುವಿನ ಬೆನ್ನಿಗೇ.

ಕಾಲು

ಸಾಲ್ಸ್‌ಬುರ್ಗ್‌ನಲ್ಲಿ ಏಳು ಗಂಟೆಗಳ ಶಸ್ತ್ರಚಿಕಿತ್ಸೆ ನಡೆಯಿತು. ಮುರಿದ ಕಣಕಾಲ ಮೂಳೆಯನ್ನು ಟೈಟಾನಿಯಂ ಸರಳಿನಿಂದ ನಿಲ್ಲಿಸಿದರು. ನರಗಳಿಗೂ ಪೆಟ್ಟು ಬಿದ್ದಿತ್ತು.

ಕಣಕಾಲ ಮುಂಭಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಈ ಗಾಯದ ತೊಡಕು ತಿಳಿಯುತ್ತದೆ: ಚರ್ಮ, ಕೂಡಲೇ ಮೂಳೆ. ನಡುವೆ ಮಾಂಸದ ಮೆತ್ತೆ ಇಲ್ಲ. ಆದ್ದರಿಂದಲೇ ಇಲ್ಲಿ ಮೂಳೆ ಮುರಿದರೆ ಚರ್ಮ ಹರಿದು ತೆರೆಯುವುದು ಸುಲಭ, ಸೋಂಕು ಹೊಕ್ಕುವುದು ಸುಲಭ, ರಕ್ತ ಪೂರೈಕೆ ಕಡಿಮೆಯಿರುವುದರಿಂದ ಕೂಡಿಕೊಳ್ಳುವುದು ನಿಧಾನ. ಜಜ್ಜಿಹೋದ ಸ್ನಾಯುವಿನಿಂದ ಹೊರಬಿದ್ದ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಇಂಥ ಅಪಘಾತದ ಮೊದಲ ದಿನಗಳಲ್ಲಿ ಜೀವಕ್ಕೇ ಅಪಾಯ ಇರುವುದು ಅಲ್ಲಿ. ಸರಳನ್ನು ಮಂಡಿಯ ಚಿಪ್ಪಿನ ಕೆಳಗಿನಿಂದ ಮೂಳೆಯ ಟೊಳ್ಳಿನೊಳಗೆ ಇಳಿಸಿ, ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಮೂಳೆ ಕೂಡುವವರೆಗೆ ಬಾಗುವ ಬಲವನ್ನೆಲ್ಲ ಸರಳು ಹೊರುತ್ತದೆ. ಹೀಗೆ ಮಾಡಿಸಿಕೊಂಡವರಲ್ಲಿ ಮಂಡಿ ಮಡಚಿ ಕೂತಾಗ ಮುಂಭಾಗದಲ್ಲಿ ನೋವು ಉಳಿಯುವುದು ಸಾಮಾನ್ಯ, ಸ್ಕೀ ಸ್ಪರ್ಧಿಗೆ ಮಂಡಿ ಮಡಚುವುದೇ ಕೆಲಸ.

ಇನ್ನು ಬೂಟು. ಸ್ಪರ್ಧೆಯ ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಕಣಕಾಲಿನ ನಡುವಿನವರೆಗೆ ಬರುತ್ತದೆ. ಸ್ಕೀ ಮೂತಿಯನ್ನು ಹಿಮಕ್ಕೆ ಒತ್ತಬೇಕಾದರೆ ಸ್ಪರ್ಧಿ ಬೂಟಿನ ಮುಂದಿನ ನಾಲಿಗೆಗೆ ಕಣಕಾಲನ್ನೇ ಒತ್ತುತ್ತಾನೆ. ಅಂದರೆ ಕಣಕಾಲ ಮೂಳೆ ಇಲ್ಲಿ ಸನ್ನೆಗೋಲು. ಮುರಿದು ಕೂಡಿದ ಮೂಳೆ, ಅದರ ಮೇಲೆ ಕಲೆಗಟ್ಟಿದ ತೆಳು ಚರ್ಮ, ಅದರ ಮೇಲೆ ಬೂಟಿನ ಒತ್ತು: ನಡೆಯಲು ಸಾಕಾದ ಕಾಲು ಸ್ಕೀಗೆ ಸಾಲುವುದಿಲ್ಲ ಎನ್ನುವುದು ಇದಕ್ಕೇ.

ಮೂಳೆಗೊಂದು ಲೆಕ್ಕ, ಸ್ನಾಯುವಿಗೊಂದು, ನರಕ್ಕೊಂದು. ಇಂಥ ತೆರೆದ ಮುರಿತ ಕೂಡಲು ಆರು ತಿಂಗಳು ದಾಟುವುದು ಮಾಮೂಲು. 2002ರ ಫೆಬ್ರುವರಿಯ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಇದ್ದದ್ದು ಆರು ತಿಂಗಳಿಗಿಂತ ಕಡಿಮೆ. ಆ ಒಲಿಂಪಿಕ್ಸ್ ತಪ್ಪಿತು, ಆ ಇಡೀ ಋತುವೂ ಹೋಯಿತು. ಕರಗಿದ ಸ್ನಾಯುವನ್ನು ವ್ಯಾಯಾಮದಿಂದ ತಿಂಗಳುಗಳಲ್ಲಿ ಮರಳಿ ಕಟ್ಟಬಹುದು. ನರ ಹಾಗಲ್ಲ. ಕಡಿದ ಅಥವಾ ಜಜ್ಜಿದ ನರ ಬೆಳೆದರೂ ದಿನಕ್ಕೆ ಒಂದು ಮಿಲಿಮೀಟರ್ ಆಸುಪಾಸು. ಕಣಕಾಲ ನಡುವಿನಿಂದ ಅಂಗಾಲಿಗೆ 30 ಸೆಂಟಿಮೀಟರ್ ಹಿಡಿದರೆ 300 ದಿನ, ಅದೂ ಎಲ್ಲ ಸರಿಹೋದರೆ. ಅಂಗಾಲಿನ ಸ್ಪರ್ಶ ಇಲ್ಲದೆ ಸ್ಕೀಯ ಅಂಚು ಹಿಮವನ್ನು ಕಚ್ಚಿದೆಯೇ, ಜಾರುತ್ತಿದೆಯೇ ಎಂಬುದು ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮೊದಲೇ ಕೂಡಿಟ್ಟದ್ದು

ಮೈಯರ್‌ನ ತರಬೇತಿಯ ಬೆನ್ನೆಲುಬು ಓಬರ್‌ಟೌರ್ನ್‌ನ ಒಲಿಂಪಿಕ್ ಕೇಂದ್ರ, ಅಲ್ಲಿನ ತರಬೇತುದಾರ ಹೈನ್ರಿಷ್ ಬರ್ಗ್‌ಮ್ಯುಲ್ಲರ್. ಅವರ ಪದ್ಧತಿಯ ಗುರುತು ಎರಡು: ಎರ್ಗೊಮೀಟರ್ ಎಂಬ ನಿಂತ ಸೈಕಲ್ಲು, ಕಿವಿಯ ಹಾಲೆಯಿಂದ ತೆಗೆದ ಒಂದು ಹನಿ ರಕ್ತ. ಸ್ನಾಯು ದುಡಿದಂತೆ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಎಂಬ ಪದಾರ್ಥವನ್ನು ಅಳೆದು ಪೆಡಲಿನ ಹೊರೆ ನಿಗದಿ ಮಾಡುತ್ತಾರೆ. ಸಾಮಾನ್ಯ ಲೆಕ್ಕದಲ್ಲಿ ಲೀಟರಿಗೆ 2 ಮಿಲಿಮೋಲ್‌ನೊಳಗೆ ಇದ್ದರೆ ಅದು ತಳಪಾಯದ ಕೆಲಸ, 4ರ ಆಸುಪಾಸು ಬಂದರೆ ಹೊಸಿಲು, ಅಲ್ಲಿಂದ ಮೇಲೆ ದಣಿವು ಬೇಗ ಏರುತ್ತದೆ.

ಒಂದೂವರೆ ನಿಮಿಷದ ಸ್ಪರ್ಧೆಗೆ ಗಂಟೆಗಟ್ಟಲೆ ಸೈಕಲ್ ಏಕೆ ಎಂದು ಕೇಳುವವರು ಆಗಲೂ ಇದ್ದರು. ಆ ಒಂದೂವರೆ ನಿಮಿಷಕ್ಕಾಗಿ ಅಲ್ಲ ಅದು. ಒಂದು ಋತುವಿನಲ್ಲಿ ಮೂರು ವಿಭಾಗದಲ್ಲಿ ಸ್ಪರ್ಧಿಸುವವನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ವಾರ ಎರಡು ಮೂರು ಓಟ ಇಳಿಯಬೇಕು, ಮರುದಿನಕ್ಕೆ ಚೇತರಿಸಿಕೊಳ್ಳಬೇಕು. ತಳಪಾಯ ಅಗಲವಾದಷ್ಟೂ ಚೇತರಿಕೆ ಬೇಗ. 13 ಗೆಲುವಿನ ಋತು ಅಲ್ಲಿಂದ ಬಂದದ್ದು.

ಅಪಘಾತದ ನಂತರ ಇದೇ ಪದ್ಧತಿಗೆ ಇನ್ನೊಂದು ಗುಣ ಇರುವುದು ಕಾಣುತ್ತದೆ. ಸೈಕಲ್ ಪೆಡಲು ತೊಡೆ, ಮೀನಖಂಡವನ್ನು ಸಾವಿರಾರು ಬಾರಿ ದುಡಿಸುತ್ತದೆ, ಆದರೆ ದೇಹದ ತೂಕ ಸೀಟಿನ ಮೇಲಿರುವುದರಿಂದ ಕಣಕಾಲಿಗೆ ಬೀಳುವ ಹೊರೆ ಕಡಿಮೆ. ಭಾರ ಎತ್ತಲು, ಜಿಗಿಯಲು ಅವಕಾಶವಿಲ್ಲದ ಕಾಲಿಗೆ ಹೇಳಿಮಾಡಿಸಿದ ಕೆಲಸ. 2003ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಟೂರ್ ಡಿ ಫ್ರಾನ್ಸ್‌ನ ಆರಂಭದ ಟೈಮ್ ಟ್ರಯಲ್ ಹಾದಿಯಲ್ಲಿ ಅವರು ಮುನ್ನೋಟಗಾರನಾಗಿ ಸೈಕಲ್ ತುಳಿದದ್ದು ತೋರಿಕೆಗಷ್ಟೇ ಅಲ್ಲ. ಆ ಕಾಲು ಸೈಕಲ್ಲಿನ ಮೇಲೇ ಮರಳಿ ಕಟ್ಟಿದ ಕಾಲು.

ಸ್ಪರ್ಧೆಗೆ ಮರಳಿದ್ದು

2003ರ ಜನವರಿ 14. ಅಡೆಲ್‌ಬೋಡನ್, ಜೈಂಟ್ ಸ್ಲಾಲಮ್. ಸ್ವಿಟ್ಜರ್ಲೆಂಡಿನ ಈ ಇಳಿಜಾರು ಜೈಂಟ್ ಸ್ಲಾಲಮ್‌ಗೆ ಅತಿ ಕಠಿಣವಾದವುಗಳಲ್ಲಿ ಒಂದು. ಕಾಲು ಸೋತಿರುವ ಹೊತ್ತಿಗೇ ಕೊನೆಯ ಕಡಿದಾದ ಇಳಿತ ಬರುತ್ತದೆ. ಮೈಯರ್ ಮೊದಲ ಓಟದಲ್ಲಿ 31ನೆಯವರು. ಒಂದೇ ಸ್ಥಾನದಿಂದ ಎರಡನೇ ಓಟ ತಪ್ಪಿತು. ಹದಿಮೂರು ದಿನಗಳ ನಂತರ ಕಿಟ್ಸ್‌ಬ್ಯೂಹೆಲ್‌ನಲ್ಲಿ, ಹೆಸರಾಂತ ಷ್ಟ್ರೈಫ್ ಹಾದಿಯ ಬೆಟ್ಟದಲ್ಲೇ, ಸೂಪರ್-ಜಿಯಲ್ಲಿ ಮೊದಲ ಸ್ಥಾನ.

ಎರಡು ವಾರದಲ್ಲಿ ಕಾಲು ಬದಲಾಗುವುದಿಲ್ಲ. ಬದಲಾದದ್ದು ಕಾಲಿಗೆ ಕೇಳಿದ ಕೆಲಸ.

ತಿರುವಿನಲ್ಲಿ ಹೊರಗಿನ ಕಾಲೇ ಹೆಚ್ಚು ಭಾರ ಹೊರುತ್ತದೆ. ಎಡಕ್ಕೆ ತಿರುಗುವಾಗ ಬಲಗಾಲು, ಅಂದರೆ ಗಾಯವಾದ ಕಾಲು. ಜೈಂಟ್ ಸ್ಲಾಲಮ್‌ನ ಒಂದು ಓಟಕ್ಕೆ 50ರ ಆಸುಪಾಸು ಗೇಟು ಹಿಡಿದರೆ 25 ಎಡ ತಿರುವು, ಎರಡು ಓಟಕ್ಕೆ 50. ಸೂಪರ್-ಜಿಯಲ್ಲಿ 40ರ ಆಸುಪಾಸು ಗೇಟು, ಒಂದೇ ಓಟ, 20 ಎಡ ತಿರುವು. ಸಂಖ್ಯೆಯಷ್ಟೇ ಅಲ್ಲ, ಬಗೆಯೂ ಬೇರೆ. ಜೈಂಟ್ ಸ್ಲಾಲಮ್‌ನಲ್ಲಿ ಬಲ ಕ್ಷಣಾರ್ಧದಲ್ಲಿ ಏರಿ ಇಳಿಯುತ್ತದೆ. ಅಂಚು ಎಲ್ಲಿ ಕಚ್ಚಿತು ಎಂಬುದನ್ನು ಅಂಗಾಲು ತಕ್ಷಣ ಹೇಳಬೇಕು, ಕಣಕಾಲು ತಕ್ಷಣ ಬೂಟಿಗೆ ಒತ್ತಬೇಕು. ಸೂಪರ್-ಜಿಯ ತಿರುವು ಉದ್ದ, ಬಲ ನಿಧಾನವಾಗಿ ಏರುತ್ತದೆ, ಕಾಲಿಗೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಅದರ ಮೇಲೆ, ದೀರ್ಘ ಗೈರುಹಾಜರಿಯ ನಂತರ ಬರುವವರು ಹಿಂದಿನ ಸಂಖ್ಯೆಯಲ್ಲಿ ಇಳಿಯುತ್ತಾರೆ. ಜೈಂಟ್ ಸ್ಲಾಲಮ್‌ನಲ್ಲಿ ಆ ಹೊತ್ತಿಗೆ ಪ್ರತಿ ಗೇಟಿನಲ್ಲೂ ಮೊದಲೇ ಇಳಿದವರ ಸ್ಕೀ ಕೊರೆದ ಹಳ್ಳಗಳಿರುತ್ತವೆ, ಆ ಒದೆತ ನೇರವಾಗಿ ಕಣಕಾಲಿಗೆ.

ಇನ್ನೊಂದು ಕಾರಣ ಕಾಲಿಗೆ ಸಂಬಂಧಿಸಿದ್ದಲ್ಲ, ನಮ್ಮ ಎಣಿಕೆಯಲ್ಲಿ ಅದೇ ದೊಡ್ಡದು. ಸೂಪರ್-ಜಿಯಲ್ಲಿ ತರಬೇತಿ ಓಟ ಇಲ್ಲದ್ದರಿಂದ ಯಾರಿಗೂ ಆ ಹಾದಿ ದೇಹದಲ್ಲಿ ಪಾಠವಾಗಿರುವುದಿಲ್ಲ. ಬೆಳಿಗ್ಗೆ ನೋಡಿದ ಗೇಟುಗಳಿಂದ ವೇಗ ಊಹಿಸಿ ಗೆರೆ ಆರಿಸಬೇಕು. ಅಪಘಾತ ಮೈಯರ್‌ನಿಂದ ಕಸಿಯದ ಒಂದೇ ವಿದ್ಯೆ ಇದು. ವಿಶ್ವಕಪ್‌ನಲ್ಲಿ ಅವರು ಗೆದ್ದ 54 ಸ್ಪರ್ಧೆಗಳಲ್ಲಿ 24 ಸೂಪರ್-ಜಿ. ಡೌನ್‌ಹಿಲ್ 15, ಜೈಂಟ್ ಸ್ಲಾಲಮ್ 14, ಡೌನ್‌ಹಿಲ್ ಮತ್ತು ಸ್ಲಾಲಮ್ ಸಮಯ ಕೂಡಿಸುವ ಕಂಬೈಂಡ್ 1.

ಗೆಲುವಿನ ನಂತರದ ಸಾಲು ಈ ಓದಿಗೆ ಹೊಂದುತ್ತದೆ. 2003ರ ಫೆಬ್ರುವರಿಯಲ್ಲಿ ಸೇಂಟ್ ಮೊರಿಟ್ಜ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೂಪರ್-ಜಿ ಬೆಳ್ಳಿ, ಬೋಡ್ ಮಿಲ್ಲರ್ ಜೊತೆ ಸಮನಾಗಿ, ಚಿನ್ನ ಎಬರ್‌ಹಾರ್ಟರ್‌ಗೆ. 2003–04ರಲ್ಲಿ ಸೂಪರ್-ಜಿ ವಿಶ್ವಕಪ್, ಜೊತೆಗೆ ನಾಲ್ಕನೇ ಸಮಗ್ರ ವಿಶ್ವಕಪ್. ಜೈಂಟ್ ಸ್ಲಾಲಮ್‌ನ ಚಿನ್ನ ಬಂದದ್ದು 2005ರ ಬೋರ್ಮಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಬೆಂಜಮಿನ್ ರೈಷ್‌ರನ್ನು ಹಿಂದಿಕ್ಕಿ. ಅಪಘಾತದಿಂದ ಮೂರೂವರೆ ವರ್ಷ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಸೂಪರ್-ಜಿ ಬೆಳ್ಳಿ, ಜೈಂಟ್ ಸ್ಲಾಲಮ್ ಕಂಚು.

ಮೊದಲಿನ ಮೈಯರ್ ಮರಳಿದರೇ? ಇಲ್ಲ ಎಂದೇ ಹೇಳಬೇಕು, ಅದರಿಂದ ಈ ಸಾಧನೆಯ ತೂಕ ಕಡಿಮೆಯಾಗುವುದಿಲ್ಲ. ಅಪಘಾತಕ್ಕೆ ಮುಂಚೆ 41 ಗೆಲುವು, ನಂತರದ ಎಲ್ಲ ವರ್ಷ ಸೇರಿ 13. 2000–01ರ ಒಂದೇ ಋತುವಿನಲ್ಲಿ ಗೆದ್ದಷ್ಟು. ಹಿಂದೆ ಕಾಲಿನ ಬಲದ ಮೇಲೆ ನೇರ ಗೆರೆ ಹಿಡಿದು ತಿರುವಿನ ಕೊನೆಯಲ್ಲಿ ತಿದ್ದಿಕೊಳ್ಳುತ್ತಿದ್ದವರು, ಈಗ ತಿರುವಿಗೆ ಮೊದಲೇ ಗೆರೆ ಆರಿಸಬೇಕಾಯಿತು. 2004ರ ಸಮಗ್ರ ಪಟ್ಟವನ್ನು 31ನೇ ವಯಸ್ಸಿನಲ್ಲಿ ಹಾಗೆ ಗೆದ್ದರು. ನಾಲ್ಕು ಪಟ್ಟಗಳಲ್ಲಿ ಅತಿ ಹೆಚ್ಚು ಕೌಶಲ ಬೇಡಿದ್ದು ಅದೇ ಎಂದು ನಾವು ಎಣಿಸುತ್ತೇವೆ.

54ನೆಯದಾದ ಕೊನೆಯ ಗೆಲುವು 2008ರ ನವೆಂಬರ್ 30ರಂದು ಕೆನಡಾದ ಲೇಕ್ ಲೂಯಿಸ್‌ನಲ್ಲಿ ಬಂತು, ಅದೂ ಸೂಪರ್-ಜಿಯಲ್ಲೇ. 2009ರ ಅಕ್ಟೋಬರ್ 13ರಂದು, ಹೊಸ ಋತು ಶುರುವಾಗುವ ಹೊಸ್ತಿಲಲ್ಲಿ, ಮೈಯರ್ ನಿವೃತ್ತಿ ಘೋಷಿಸಿದರು.